‘ಇನ್ನೊಂದು ಪ್ಲೇಟ್’ ಅಣ್ಣನವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ‘ಇನ್ನೊಂದು ಪ್ಲೇಟ್’ ಅಣ್ಣನವರಿಗೆ,

ಉಲ್ಲಾಳದಿಂದ ನಮಸ್ಕಾರ. ಮಂಗಳೂರಿನ ಪಕ್ಕದ ಉಲ್ಲಾಳವಲ್ಲ. ಅದು ಪೋರ್ಚುಗೀಸರಿಗೆ ತಲೆಬಾಗದ ರಾಣಿ ಅಬ್ಬಕ್ಕನ ಊರು, ಅಲ್ಲಿನವರ ಬೆನ್ನುಮೂಳೆಯ ಬಗ್ಗೆ ಮಾತಾಡುವ ಯೋಗ್ಯತೆ ನನಗಿಲ್ಲ. ನಾನಿರುವುದು ಬೆಂಗಳೂರಿನ ಪಡುವಣ ಅಂಚಿನ ಉಲ್ಲಾಳದಲ್ಲಿ. ಒಂದು ಮಗ್ಗುಲಿಗೆ ಜ್ಞಾನಭಾರತಿ, ಇನ್ನೊಂದು ಮಗ್ಗುಲಿಗೆ ವಿಶ್ವೇಶ್ವರಯ್ಯ ಬಡಾವಣೆ, ನಡುವೆ ಒಂದು ಕೆರೆ. ಉಳಿದ ಜಾಗದಲ್ಲೆಲ್ಲ ಕೆಳಗೆ ಬೇಕರಿ, ಮೇಲೆ ಜಿಮ್. ಕೆಳಗೆ ಸೇರಿಸಿಕೊಂಡದ್ದನ್ನು ಮೇಲೆ ಹೋಗಿ ಕರಗಿಸುವ ಈ ಏರ್ಪಾಟನ್ನು ಯಾವ ನಗರಯೋಜಕನೂ ಕಾಗದದ ಮೇಲೆ ಬರೆದದ್ದಲ್ಲ. ತಾನಾಗಿಯೇ ಆದದ್ದು.

ತಮ್ಮ ನಿಜವಾದ ಹೆಸರು ನನಗೆ ತಿಳಿಯದು. ಕೆಲವು ದಿನ ತಾವು ಸರ್ಟಿಫಿಕೇಟ್ ಇನ್ನೂ ಲ್ಯಾಮಿನೇಟ್ ಆಗದ ಹೊಸ ಟ್ರೈನರ್. ಕೆಲವು ದಿನ ಎರಡು ಸೆಟ್ ಹೊಡೆದು ನಲವತ್ತು ನಿಮಿಷ ಫೋನಿನಲ್ಲಿ ಸೈಟು ಮಾರುವ ಯಜಮಾನರು. ಇನ್ನು ಕೆಲವು ದಿನ, ಕನ್ನಡಿಯ ಮುಂದೆ ಟೀಶರ್ಟ್ ಎತ್ತಿ ಹೊಟ್ಟೆ ನೋಡಿಕೊಳ್ಳುವ ಇಂಜಿನಿಯರಿಂಗ್ ಹುಡುಗ. ರೂಪ ಯಾವುದಾದರೂ ಮಂತ್ರ ಒಂದೇ: ‘ಅಣ್ಣಾ, ಇನ್ನೊಂದು ಪ್ಲೇಟ್ ಹಾಕ್ಲಾ?’ ಉತ್ತರ ಬರುವ ಮೊದಲೇ ಪ್ಲೇಟು ಬಾರ್‌ಗೆ ಏರಿರುತ್ತದೆ. ತಾವು ನನ್ನನ್ನು ಅಣ್ಣ ಎನ್ನುತ್ತೀರಿ, ನಾನೂ ತಮ್ಮನ್ನು ಅಣ್ಣ ಎನ್ನುತ್ತೇನೆ. ಜಿಮ್ಮಿನಲ್ಲಿ ಯಾರಿಗೂ ತಮ್ಮನಾಗುವ ಅಭ್ಯಾಸವಿಲ್ಲ. ಇದ್ದಿದ್ದರೆ ಅರ್ಧದಷ್ಟು ಸೊಂಟಗಳು ಉಳಿಯುತ್ತಿದ್ದವು.

ಈ ಪತ್ರ ಬರೆಯುತ್ತಿರುವುದು ಕೃತಜ್ಞತೆ ತಿಳಿಸಲು. ತಾವು ಪ್ರೀತಿಯಿಂದ ಹಾಕಿದ ಆ ಇನ್ನೊಂದು ಪ್ಲೇಟಿನಿಂದ ನನಗೆ ಮಾನವ ಶರೀರದ ಬಗ್ಗೆ, ವಿಶೇಷವಾಗಿ ಕೆಳಬೆನ್ನಿನ ಎಲ್4 ಮತ್ತು ಎಲ್5 ಮೂಳೆಗಳೆಂಬ ಇಬ್ಬರು ಅಕ್ಕಪಕ್ಕದವರ ಬಗ್ಗೆ, ಶಾಲೆಯಲ್ಲಿ ಸಿಗದ ಜ್ಞಾನ ಸಿಕ್ಕಿತು. ನೆಲದಿಂದ ಎತ್ತುವ ಡೆಡ್‌ಲಿಫ್ಟ್‌ನಲ್ಲಿ ಬಾರ್ ಮೊಣಕಾಲು ದಾಟುವ ಹೊತ್ತಿಗೆ ಕೆಳಬೆನ್ನಿನಲ್ಲಿ ಯಾರೋ ಸ್ವಿಚ್ ಆಫ್ ಮಾಡಿದ ಹಾಗಾಯಿತು. ಬಾರ್ ನೆಲಕ್ಕೆ ಹೋಯಿತು, ಅದರ ಹಿಂದೆಯೇ ನಾನೂ ಹೋದೆ. ಆಗಲೂ ತಾವು ಧೈರ್ಯ ಕಳೆದುಕೊಳ್ಳಲಿಲ್ಲ. ‘ಏನಾಗಲ್ಲ ಅಣ್ಣಾ, ಅದು ಪಂಪ್, ಸ್ನಾಯು ಉಬ್ಬಿರೋದು ಅಷ್ಟೇ’ ಎಂದಿರಿ. ವೈದ್ಯಶಾಸ್ತ್ರ ಇಷ್ಟು ವರ್ಷ ‘ಸ್ನಾಯು ಸೆಳೆತ’ ಎಂದು ಕರೆಯುತ್ತಿದ್ದುದಕ್ಕೆ ಎಂಥ ಹಬ್ಬದ ಹೆಸರು!

ನಂತರ ಬಂದ ಸಲಹೆಗಳನ್ನೂ ನೆನೆಯಬೇಕು. ಉಳುಕು ಅಂತ ಗೊತ್ತಾದರೆ ಸಾಕು, ನಮ್ಮ ಜನ ಎಷ್ಟು ಉದಾರಿಗಳಾಗುತ್ತಾರೆ! ಕಾಲು ಮುಂದಾಗಿ ಹುಟ್ಟಿದವರು ಸೊಂಟಕ್ಕೆ ಒದ್ದರೆ ಉಳುಕು ಬಿಡುತ್ತದೆ ಎಂಬುದು ಹಳ್ಳಿಗಳಲ್ಲಿ ಇವತ್ತಿಗೂ ಇರುವ ನಂಬಿಕೆ. ಕೆಂಗೇರಿ ಕಡೆ ಅಂಥವರೊಬ್ಬರಿದ್ದಾರೆ, ಕರೆದುಕೊಂಡು ಹೋಗಲೇ ಎಂದು ತಾವೇ ಕೇಳಿದಿರಿ. ಒದೆಸಿಕೊಳ್ಳಲು ಮೆಟ್ರೊ ಹತ್ತಿ ಹೋಗುವಷ್ಟು ಭಕ್ತಿ ನನ್ನಲ್ಲಿ ಬೆಳೆದಿರಲಿಲ್ಲ. ಪಕ್ಕದ ಮನೆಯ ಅಜ್ಜಿ ಹರಳೆಣ್ಣೆ ಕೊಟ್ಟರು. ಎಣ್ಣೆಗಿಂತ ಅದನ್ನು ಕೊಡುವಾಗ ಅವರು ಆಡಿದ ಸಮಾಧಾನದ ಮಾತು ಹೆಚ್ಚು ಕೆಲಸ ಮಾಡಿತು. ಮೂರು ತಿಂಗಳು ಹಾಸಿಗೆ ಬಿಟ್ಟು ಏಳಬೇಡ ಎಂದವರು ಒಬ್ಬರು, ಹಾಸಿಗೆಯನ್ನೇ ಬಿಟ್ಟು ನೆಲದ ಮೇಲೆ ಮಲಗು ಎಂದವರು ಇನ್ನೊಬ್ಬರು. ಇನ್ನು ಜನ್ಮದಲ್ಲಿ ಬಕೆಟ್ ಕೂಡ ಎತ್ತಬೇಡಿ ಎಂಬ ಅಪ್ಪಣೆಯೂ ಆಯಿತು.

ಮನೆಯಲ್ಲಿ ಹೊರಡಿಸಿದ ಆಜ್ಞೆ ಇದಕ್ಕಿಂತ ಚಿಕ್ಕದು: ಜಿಮ್ ಬಿಡು. ನಟ ಪುನೀತ್ ರಾಜ್‌ಕುಮಾರ್ ಅವರನ್ನು ಕಳೆದುಕೊಂಡ 2021ರ ಅಕ್ಟೋಬರ್ ನಂತರ ಈ ಊರಿನ ಅಮ್ಮಂದಿರು ಜಿಮ್ ಎಂಬ ಮಾತು ಕೇಳಿದರೆ ಬೆಚ್ಚುತ್ತಾರೆ. ಅದು ಹೃದಯದ ಮಾತು, ಇದು ಸೊಂಟದ್ದು ಎಂದು ವಿವರಿಸಲು ಹೋದರೆ ‘ಎರಡೂ ನಿನ್ನದೇ ತಾನೆ?’ ಎನ್ನುತ್ತಾರೆ. ಅದಕ್ಕೆ ನನ್ನಲ್ಲಿ ಮರುಮಾತಿರಲಿಲ್ಲ.

ಆದರೆ ಭಾರ ಎತ್ತದೆ ಬದುಕುವುದು ಹೇಗೆಂದು ಯಾರೂ ಹೇಳಿಕೊಡಲಿಲ್ಲ. ನಮ್ಮ ಬೀದಿಯಲ್ಲಿ ಕುಡಿಯುವ ನೀರಿನ 20 ಲೀಟರ್ ಕ್ಯಾನನ್ನು ಹುಡುಗ ಗೇಟಿನ ಬಳಿ ಇಟ್ಟು ಹೋಗುತ್ತಾನೆ, ಲಿಫ್ಟ್ ಇಲ್ಲದ ಮೂರನೇ ಮಹಡಿ ಅವನ ಕರಾರಿನಲ್ಲಿಲ್ಲ. ಅದರಲ್ಲಿ ನೀರೊಂದೇ 20 ಕೆ.ಜಿ. ಜಿಮ್ಮಿನ ದೊಡ್ಡ ಬಾರ್ ಖಾಲಿಯಿದ್ದಾಗ ತೂಗುವುದೂ ಅಷ್ಟೇ. ಅಡುಗೆ ಸಿಲಿಂಡರಿನಲ್ಲಿ ಅನಿಲ 14.2 ಕೆ.ಜಿ., ಕಬ್ಬಿಣ ಸೇರಿದರೆ ಸುಮಾರು 30. ಸಿಮೆಂಟ್ ಮೂಟೆ 50. ಭಾರ ಎತ್ತಬೇಡಿ ಎಂಬ ಚೀಟಿ ಬರೆಸಿಕೊಂಡು ಬಂದವನು ಅದೇ ಸಂಜೆ ಬಾಗಿಲಲ್ಲಿ ಕ್ಯಾನಿನ ಮುಂದೆ ನಿಂತಿರುತ್ತಾನೆ. ಅಕ್ಕಿ ಮೂಟೆಗೂ ಅಳುವ ಮಗುವಿಗೂ ಆ ಚೀಟಿ ತೋರಿಸಲಾಗದು. ಎತ್ತಬೇಕೋ ಬೇಡವೋ ಎಂಬ ಚರ್ಚೆ ಅಲ್ಲಿಗೇ ಮುಗಿಯಿತು. ಉಳಿದದ್ದು, ಎಷ್ಟರಿಂದ ಶುರುಮಾಡಿ ಎಷ್ಟೆಷ್ಟು ಏರಿಸಬೇಕು ಎಂಬುದು. ತಮ್ಮ ಕಾರ್ಯಕ್ಷೇತ್ರ ನಿಖರವಾಗಿ ಅದೇ.

ಈ ನಡುವೆ ತೆಗೆಸಿದ್ದ ನನ್ನ ಬೆನ್ನಿನ ಎಂಆರ್‌ಐ ಫಿಲ್ಮನ್ನು ತಾವು ಟ್ಯೂಬ್‌ಲೈಟಿಗೆ ಹಿಡಿದು ನೋಡಿದ ಗಾಂಭೀರ್ಯವನ್ನು ನಾನು ಮರೆಯಲಾರೆ. ತಲೆಕೆಳಗಾಗಿ ಹಿಡಿದಿದ್ದಿರಿ, ಆದರೂ ತೀರ್ಪು ಸ್ಪಷ್ಟವಾಗಿತ್ತು: ‘ಡಿಸ್ಕ್ ಸ್ಲಿಪ್ ಅಣ್ಣಾ, ಮುಗೀತು.’ ಡಿಸ್ಕ್ ಎಲ್ಲಿಗೂ ಜಾರುವುದಿಲ್ಲ. ಎರಡು ಮೂಳೆಗಳ ನಡುವಿನ ಆ ಮೆತ್ತೆ ಉಬ್ಬಬಹುದು, ಕೆಲವೊಮ್ಮೆ ಒಳಗಿನ ತಿರುಳು ಹೊರಬಂದು ನರಕ್ಕೆ ತಗುಲಬಹುದು. ಹಾಗೆ ಹೊರಬಂದದ್ದನ್ನೂ ಬಹಳ ಜನರಲ್ಲಿ ದೇಹವೇ ತಿಂಗಳುಗಳಲ್ಲಿ ಕರಗಿಸಿಕೊಳ್ಳುತ್ತದೆ. ಇನ್ನೊಂದು ಸಂಗತಿ ತಮಗೆ ಬೇಸರ ತರಬಹುದು. 2015ರಲ್ಲಿ ಪ್ರಕಟವಾದ ಒಂದು ಸಮೀಕ್ಷೆ, ಬೆನ್ನುನೋವೇ ಇಲ್ಲದ 3,110 ಜನರ ಸ್ಕ್ಯಾನುಗಳನ್ನು ಒಟ್ಟುಹಾಕಿ ನೋಡಿತು. ಇಪ್ಪತ್ತರ ವಯಸ್ಸಿನವರಲ್ಲೇ ನೂರಕ್ಕೆ 30 ಜನರ ಡಿಸ್ಕ್ ಉಬ್ಬಿತ್ತು. ಐವತ್ತರವರಲ್ಲಿ 60, ಎಂಬತ್ತರವರಲ್ಲಿ 84. ಇವರಲ್ಲಿ ಯಾರಿಗೂ ನೋವಿರಲಿಲ್ಲ. ತಮ್ಮದನ್ನೂ ಒಮ್ಮೆ ತೆಗೆಸಿದರೆ ಏನಾದರೂ ಸಿಕ್ಕರೂ ಸಿಗಬಹುದು, ಆಗ ತಾವೂ ಮುಗಿದಂತೆಯೇ. ಫಿಲ್ಮು ಸುಳ್ಳು ಎಂದು ನಾನು ಹೇಳುತ್ತಿಲ್ಲ. ಫಿಲ್ಮನ್ನು ನೋಡಿ ಹಣೆಬರಹ ಓದಬಾರದು, ಅಷ್ಟೇ.

ಹಾಸಿಗೆಯ ಸಲಹೆಗೂ ಇದೇ ಗತಿ. ಲ್ಯಾನ್ಸೆಟ್ ಪತ್ರಿಕೆ 2018ರಲ್ಲಿ ಕೆಳಬೆನ್ನಿನ ನೋವಿನ ಬಗ್ಗೆ ಒಂದು ಲೇಖನಮಾಲೆಯನ್ನೇ ಹೊರತಂದಿತು. ನೋವು ಅನುಮತಿಸುವಷ್ಟು ಓಡಾಡಿ, ಹಾಸಿಗೆ ಹಿಡಿಯಬೇಡಿ, ಅವಸರಕ್ಕೆ ಸ್ಕ್ಯಾನು ಬೇಡ, ಅವಸರಕ್ಕೆ ಶಸ್ತ್ರಚಿಕಿತ್ಸೆಯಂತೂ ಬೇಡ ಎಂಬುದು ಅದರ ಸಾರ. ಜಗತ್ತಿನಲ್ಲಿ 2020ರ ಲೆಕ್ಕಕ್ಕೆ 61.9 ಕೋಟಿ ಜನರಿಗೆ ಈ ನೋವಿತ್ತು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇಷ್ಟು ಜನ ಹಾಸಿಗೆ ಹಿಡಿದರೆ ಅವರಿಗೆ ನೀರಿನ ಕ್ಯಾನ್ ಎತ್ತಿಕೊಡುವವರು ಯಾರು?

ಹಾಗೆಂದು ಎಲ್ಲ ಬೆನ್ನುನೋವೂ ನಡೆದಾಡಿ ಹೋಗುವಂಥದ್ದಲ್ಲ. ಇಲ್ಲಿ ಮಾತ್ರ ವ್ಯಂಗ್ಯ ಬಿಟ್ಟು ಹೇಳುತ್ತೇನೆ, ತಾವೂ ಇಯರ್‌ಫೋನ್ ತೆಗೆದು ಕೇಳಬೇಕು. ಮೂತ್ರ ಅಥವಾ ಮಲದ ಹತೋಟಿ ತಪ್ಪಿದರೆ, ಮೂತ್ರ ಕಟ್ಟಿಕೊಂಡರೆ, ತೊಡೆಸಂದು ಮತ್ತು ಕುಳಿತುಕೊಳ್ಳುವ ಜಾಗ ಮರಗಟ್ಟಿದರೆ, ಪಾದ ಎತ್ತಲಾಗದೆ ನೆಲಕ್ಕೆ ಎಳೆಯತೊಡಗಿದರೆ ಅದೇ ದಿನ, ಅದೇ ಗಂಟೆ ಆಸ್ಪತ್ರೆಗೆ ಹೋಗಬೇಕು. ನರಗಳ ಕಟ್ಟು ಒತ್ತಿಹೋದ ಸೂಚನೆ ಅದು, ತಡವಾದರೆ ಹೋದದ್ದು ವಾಪಸ್ ಬರದೇ ಇರಬಹುದು. ಜ್ವರದೊಡನೆ ಬೆನ್ನುನೋವು, ಕಾರಣವಿಲ್ಲದೆ ಇಳಿಯುವ ತೂಕ, ಹಿಂದೆ ಕ್ಯಾನ್ಸರ್ ಆಗಿದ್ದವರ ಹೊಸ ನೋವು, ಬಿದ್ದು ಅಥವಾ ಅಪಘಾತದಲ್ಲಿ ಬಂದ ನೋವು, ಮಲಗಿದರೂ ಬಿಡದ ರಾತ್ರಿನೋವು ಇವನ್ನೂ ವೈದ್ಯರು ನೋಡಬೇಕು. ಇವು ಯಾವುವೂ ಪಂಪ್ ಅಲ್ಲ ಅಣ್ಣಾ.

ನನ್ನದು ಆ ಪಟ್ಟಿಯಲ್ಲಿ ಇರಲಿಲ್ಲವಾದ್ದರಿಂದ ನಾಗರಬಾವಿ ಕಡೆಯ ಫಿಸಿಯೋಥೆರಪಿಸ್ಟ್ ಒಬ್ಬರ ಬಳಿ ಹೋದೆ. ನಾನು ಎಷ್ಟು ಕೆ.ಜಿ. ಎತ್ತುತ್ತಿದ್ದೆ ಎಂದು ಹೇಳಲು ಬಾಯಿ ತೆರೆದರೆ ಆಕೆ ಕೇಳಿದ್ದು, ಸಾಕ್ಸ್ ಹಾಕಿಕೊಳ್ಳಲು ಬರುತ್ತದೆಯೇ ಎಂದು. ನನ್ನ ದಾಖಲೆಗಳಿಗೆ ಅಲ್ಲಿ ಮೂರು ಕಾಸಿನ ಬೆಲೆಯಿರಲಿಲ್ಲ. ಕೈಗೊಂದು ಕೋಲು ಕೊಟ್ಟರು, ನೆಲ ಒರೆಸುವ ಮಾಪಿನದು. ಅದನ್ನು ಬೆನ್ನಿಗೆ ನೇರವಾಗಿ ಹಿಡಿದು ಬಗ್ಗಬೇಕು. ತಲೆಯ ಹಿಂಭಾಗ, ಭುಜಗಳ ನಡುವಿನ ಜಾಗ, ಬಾಲಮೂಳೆ ಈ ಮೂರೂ ಕೋಲಿಗೆ ತಾಗಿಯೇ ಇರಬೇಕು. ಬಾಗುವುದು ಸೊಂಟದಿಂದಲ್ಲ, ತೊಡೆ ಸೇರುವ ಕೀಲಿನಿಂದ. ಪೃಷ್ಠ ಹಿಂದಕ್ಕೆ ಹೋಗಬೇಕು, ಮೊಣಕಾಲು ತುಸುವೇ ಸಡಿಲವಾಗಬೇಕು. ಕೇಳಲು ಸುಲಭ. ಮಾಡಲು ಹೋದರೆ, ವರ್ಷಗಟ್ಟಲೆ ಕಬ್ಬಿಣ ಎತ್ತಿದ ದೇಹಕ್ಕೆ ಬಾಗಲೇ ಬರುವುದಿಲ್ಲ ಎಂಬುದು ಮಾಪಿನ ಕೋಲಿಗೆ ಮೊದಲ ಸಲಕ್ಕೇ ತಿಳಿದುಹೋಗುತ್ತದೆ.

ಆಮೇಲೆ ಕೈ ಮತ್ತು ಮೊಣಕಾಲು ಊರಿ ನಿಂತು ಒಂದು ಕೈಯನ್ನೂ ಅದರ ಎದುರು ಬದಿಯ ಕಾಲನ್ನೂ ಚಾಚುವ ‘ಬರ್ಡ್ ಡಾಗ್’, ಮಗ್ಗುಲಾಗಿ ಮೊಣಕೈ ಮೇಲೆ ನಿಲ್ಲುವ ‘ಸೈಡ್ ಪ್ಲ್ಯಾಂಕ್’, ಅಂಗಾತ ಮಲಗಿ ಸೊಂಟ ಎತ್ತುವ ‘ಬ್ರಿಜ್’. ಇವನ್ನು ಯಾರೂ ರೀಲ್ಸ್ ಮಾಡುವುದಿಲ್ಲ. ಇವುಗಳ ಜೊತೆಗೆ ದಿನವೂ ನಡಿಗೆ. ಉಲ್ಲಾಳ ಕೆರೆಯ ಸುತ್ತ ಬೆಳಗ್ಗೆ ನಡೆಯುವವರಲ್ಲಿ ಅರ್ಧ ಜನರಿಗೆ ಸಕ್ಕರೆ, ಇನ್ನರ್ಧಕ್ಕೆ ಸೊಂಟ ಎಂಬುದು ಅವರ ನಡಿಗೆಯಲ್ಲೇ ಗೊತ್ತಾಗುತ್ತದೆ. ಅವರ ನಡುವೆ ತಮ್ಮ ಮಾಜಿ ಶಿಷ್ಯರೂ ಕೆಲವರು ಸಿಕ್ಕರು. ತಮ್ಮನ್ನು ತುಂಬ ಕೇಳಿದರು.

ಜಿಮ್ಮಿಗೆ ಮರಳಿದ ದಿನ ತಾವು ತೋರಿದ ವಾತ್ಸಲ್ಯ ದೊಡ್ಡದು. ನಾನು ಖಾಲಿ ಬಾರ್ ಹಿಡಿದು ನಿಂತಿದ್ದೆ.

‘ವಾರ್ಮಪ್ಪಾ ಅಣ್ಣಾ?’

‘ಅಲ್ಲ. ಇವತ್ತಿಗೆ ಇದೇ.’

ತಮ್ಮ ಮುಖದಲ್ಲಿ ಸೂತಕದ ಮನೆಗೆ ಬಂದವರ ಕಳೆ ಮೂಡಿತು. ಹತ್ತಿರ ಬಂದು ಭುಜ ತಟ್ಟಿದಿರಿ. ಗೋಡೆಯ ಮೇಲಿನ ಆಂಜನೇಯನನ್ನು ತೋರಿಸಿ, ‘ಮನಸ್ಸು ಮಾಡಿದ್ರೆ ಬೆಟ್ಟಾನೇ ಎತ್ತಬಹುದು’ ಎಂದಿರಿ. ಸಂಜೀವಿನಿ ಪರ್ವತ ಎತ್ತಿದವನ ಚಿತ್ರ ಇಲ್ಲದ ಜಿಮ್ ಬೆಂಗಳೂರಿನಲ್ಲಿ ಸಿಗುವುದು ಕಷ್ಟ. ನನ್ನ ವಿರೋಧವೇನಿಲ್ಲ, ಆತ ವಾಯುಪುತ್ರ. ನಮ್ಮಂಥವರಿಗೆ ಹೆಚ್ಚು ಹೊಂದುವ ಪೌರಾಣಿಕ ಉದಾಹರಣೆ ನಮ್ಮ ರಾಜ್ಯದಲ್ಲೇ, ಗೋಕರ್ಣದಲ್ಲಿದೆ. ನೆಲಕ್ಕೂರಿದ ಆತ್ಮಲಿಂಗವನ್ನು ಕಿತ್ತೆತ್ತಲು ಹೊರಟ ರಾವಣ ಇಪ್ಪತ್ತೂ ಕೈ ಹಾಕಿ ಎಳೆದ, ತಿರುಚಿದ. ಲಿಂಗ ಹಸುವಿನ ಕಿವಿಯಂತೆ ಮುರುಟಿತೇ ಹೊರತು ಮೇಲೇಳಲಿಲ್ಲ. ಆಗ ಅವನು ಮಾಡಿದ ಕೆಲಸವನ್ನು ಗಮನಿಸಿ: ‘ನೀನೇ ಮಹಾಬಲ’ ಎಂದು ಒಪ್ಪಿಕೊಂಡು ಕೈಬಿಟ್ಟ. ಸೊಂಟ ಉಳಿಸಿಕೊಂಡು ಲಂಕೆಗೆ ಹೋದ. ಮುಂದೆ ಅವನು ಮಾಡಿದ ತಪ್ಪುಗಳು ನೂರಿರಬಹುದು, ಇದು ಅವುಗಳಲ್ಲಿ ಸೇರಿಲ್ಲ. ಅವನ ಪಕ್ಕದಲ್ಲಿ ‘ಇನ್ನೊಂದೇ ರೆಪ್ ಅಣ್ಣಾ’ ಎನ್ನಲು ತಾವು ಇರಲಿಲ್ಲ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಪುರಾಣ ಬೇಡವೆಂದರೆ ಮೀರಾಬಾಯಿ ಚಾನು ಅವರ ಕಥೆ ಕೇಳಿ. 2018ರ ಏಪ್ರಿಲ್‌ನಲ್ಲಿ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 196 ಕೆ.ಜಿ. ಎತ್ತಿ ಚಿನ್ನ ಗೆದ್ದರು. ಕೆಲವೇ ವಾರಗಳಲ್ಲಿ ಕೆಳಬೆನ್ನು ಹಿಡಿಯಿತು. ನೋವಿನ ಮೂಲವೇನೆಂದು ವೈದ್ಯರಿಗೂ ಬೇಗ ಹೊಳೆಯಲಿಲ್ಲ. ಆಗಸ್ಟ್‌ನಲ್ಲಿ ಜಕಾರ್ತದ ಏಷ್ಯನ್ ಕ್ರೀಡಾಕೂಟ. ವಿಶ್ವ ಚಾಂಪಿಯನ್ ಅವರು, ಇಡೀ ದೇಶ ಪದಕ ಎಣಿಸುತ್ತಿತ್ತು. ಅವರು ಹೋಗಲಿಲ್ಲ. ಆ ವರ್ಷದ ವಿಶ್ವ ಚಾಂಪಿಯನ್‌ಷಿಪ್‌ಗೂ ಹೋಗಲಿಲ್ಲ. 2019ರ ಫೆಬ್ರವರಿಯಲ್ಲಿ ಥಾಯ್ಲೆಂಡಿನ ಸಣ್ಣದೊಂದು ಕೂಟದಲ್ಲಿ ಮರಳಿ ಬಂದಾಗ ಎತ್ತಿದ್ದು 192 ಕೆ.ಜಿ. ಅಂದರೆ ಹಳೆಯದಕ್ಕಿಂತ 4 ಕಡಿಮೆ! ತಾವಲ್ಲಿದ್ದಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದಿರಿ. 2020ರಲ್ಲಿ ಅಮೆರಿಕಕ್ಕೆ ಹೋಗಿ ಏರನ್ ಹಾರ್ಶಿಗ್ ಎಂಬ ಫಿಸಿಯೋಥೆರಪಿಸ್ಟ್ ಬಳಿ ಭುಜ ಮತ್ತು ಬೆನ್ನಿನ ಅಸಮತೋಲವನ್ನು ತಿದ್ದಿಸಿಕೊಂಡರು. ವಿಶ್ವ ಚಾಂಪಿಯನ್ ಆದವರು ಮತ್ತೆ ಬಾಲಬೋಧೆಯಿಂದ ಶುರುಮಾಡಿದರು ಎಂದರೆ ತಮಗೆ ನಂಬಲು ಕಷ್ಟವಾಗಬಹುದು. 2021ರ ಏಪ್ರಿಲ್‌ನಲ್ಲಿ ತಾಷ್ಕೆಂಟಿನಲ್ಲಿ ಕ್ಲೀನ್ ಅಂಡ್ ಜರ್ಕ್‌ನಲ್ಲಿ 119 ಕೆ.ಜಿ.ಯ ವಿಶ್ವದಾಖಲೆ, ಜುಲೈ 24ರಂದು ಟೋಕಿಯೊದಲ್ಲಿ 202 ಕೆ.ಜಿ. ಎತ್ತಿ ಒಲಿಂಪಿಕ್ ಬೆಳ್ಳಿ. ಸೊಂಟ ಹಿಡಿದ ದಿನದಿಂದ ಬೆಳ್ಳಿಯ ದಿನಕ್ಕೆ ಮೂರು ವರ್ಷ. ತಾವು ನನಗೆ ಕೊಟ್ಟ ಗಡುವು ಮುಂದಿನ ಸೋಮವಾರದ ‘ಬ್ಯಾಕ್ ಡೇ’.

ನಮ್ಮವರೇ ಬೇಕೆಂದರೆ ಕುಂದಾಪುರ ಕಡೆಯ ಗುರುರಾಜ ಪೂಜಾರಿ ಇದ್ದಾರೆ. ಉಜಿರೆಯ ಕಾಲೇಜಿನಲ್ಲಿ ಓದುತ್ತ ಭಾರ ಎತ್ತಲು ಕಲಿತವರು. ಅದೇ ಗೋಲ್ಡ್ ಕೋಸ್ಟ್‌ನಲ್ಲಿ 249 ಕೆ.ಜಿ. ಎತ್ತಿ ಭಾರತಕ್ಕೆ ಆ ಕೂಟದ ಮೊದಲ ಪದಕ ತಂದವರು. ನಾಲ್ಕು ವರ್ಷದ ನಂತರ ಬರ್ಮಿಂಗ್‌ಹ್ಯಾಮ್‌ನಲ್ಲಿ, ಬೇರೆ ತೂಕದ ವಿಭಾಗದಲ್ಲಿ, 269 ಎತ್ತಿ ಕಂಚು ಗೆದ್ದರು. ನಾಲ್ಕು ವರ್ಷಕ್ಕೆ 20 ಕೆ.ಜಿ. ಅವರಿರುವ ಆ ಆಟದ ನಿಯಮವೊಂದನ್ನು ತಮ್ಮ ಗಮನಕ್ಕೆ ತರಬೇಕು. ಅಧಿಕೃತ ಸ್ಪರ್ಧೆಯಲ್ಲಿ ಒಂದು ಯಶಸ್ವಿ ಯತ್ನದಿಂದ ಮುಂದಿನದಕ್ಕೆ ಏರಿಸಲೇಬೇಕಾದ ಕನಿಷ್ಠ ಭಾರ 1 ಕೆ.ಜಿ. ಬಾರ್‌ನ ಎರಡೂ ತುದಿಗೆ ಅರ್ಧರ್ಧ ಕೆ.ಜಿ.ಯ ಪುಟ್ಟ ಬಿಲ್ಲೆಗಳು. ಭೂಮಿಯ ಮೇಲಿನ ಅತಿ ಬಲಶಾಲಿಗಳು ಅರ್ಧ ಕೆ.ಜಿ.ಗೆ ತಲೆ ಕೆಡಿಸಿಕೊಳ್ಳುತ್ತಾರೆ. ನಮ್ಮ ಜಿಮ್ಮಿನಲ್ಲಿ ಕೈಗೆ ಸಿಗುವ ಅತಿ ಚಿಕ್ಕ ಪ್ಲೇಟು 5 ಕೆ.ಜಿ.ಯದು. ಎರಡೂ ಕಡೆ ಸೇರಿದರೆ 10. ನಲವತ್ತು ಎತ್ತುವವನು ಮುಂದಿನ ಮೆಟ್ಟಿಲಿಗೆ ಕಾಲಿಟ್ಟರೆ ಐವತ್ತು, ಒಂದೇ ನೆಗೆತಕ್ಕೆ ನೂರಕ್ಕೆ 25ರಷ್ಟು ಏರಿಕೆ. ಸಂಬಳದಲ್ಲಿ ಹೀಗಾಗಿದ್ದರೆ ನಾನು ಬೇಡ ಎನ್ನುತ್ತಿರಲಿಲ್ಲ.

ಹಳೆಯ ಕಾಲದವರು ಹೇಗೆ ಎತ್ತುತ್ತಿದ್ದರು ಎಂದು ತಾವು ಆಗಾಗ ಕೇಳುತ್ತೀರಿ. ಕೇಳಬೇಕಾದ ಪ್ರಶ್ನೆಯೇ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಇವತ್ತಿಗೂ ಸಂಗ್ರಾಣಿ ಕಲ್ಲು ಎತ್ತುತ್ತಾರೆ, ಗುಂಡು ಎತ್ತುತ್ತಾರೆ, ಜೋಳದ ಚೀಲ ಎತ್ತುತ್ತಾರೆ. ಗುಂಡು ಎತ್ತುವವನ ಬೆನ್ನು ಕೋಲಿನ ಹಾಗೆ ನೆಟ್ಟಗಿರುವುದಿಲ್ಲ, ಇರಲೂ ಸಾಧ್ಯವಿಲ್ಲ. ಕಲ್ಲನ್ನು ಅಪ್ಪಿ ಮಡಿಲಿಗೆ ಎಳೆದುಕೊಳ್ಳಬೇಕಾದರೆ ಬೆನ್ನು ಬಾಗಲೇಬೇಕು. ಆದರೂ ಅವರ ಬೆನ್ನು ತಡೆಯುತ್ತದೆ. ಹುಡುಗನಾಗಿದ್ದಾಗ ಸಣ್ಣ ಕಲ್ಲು, ಮೀಸೆ ಬಂದಾಗ ಅದಕ್ಕಿಂತ ತುಸು ದೊಡ್ಡದು, ಜೊತೆಗೆ ದಿನವೂ ಹೊಲದ ಕೆಲಸ. ಹೀಗೆ ವರ್ಷಗಳ ಮೇಲೆ ಅವನ ಮಾಂಸಖಂಡ, ಎಲುಬು, ಅಸ್ಥಿರಜ್ಜು ಆ ಬಾಗಿಗೇ ಪಳಗಿರುತ್ತವೆ. ಗರಡಿಯಲ್ಲೂ ಅಷ್ಟೇ. ದಂಡ, ಬಸ್ಕಿ, ಲೋಡು, ಗದೆ ಎಲ್ಲಕ್ಕೂ ಸರದಿ ಇತ್ತು. ಉಸ್ತಾದ್ ಹೇಳುವವರೆಗೆ ಮುಂದಿನದನ್ನು ಮುಟ್ಟುವಂತಿರಲಿಲ್ಲ. ಬೆನ್ನು ಒಂದು ಸಲ ಬಾಗಿತೆಂದೇ ಮುರಿಯುವುದಿಲ್ಲ. ಪಳಗದ ಬೆನ್ನಿಗೆ ಪಳಗದ ಭಾರ ಒಮ್ಮೆಲೇ ಬಿದ್ದಾಗ ಅದು ಕೈಕೊಡುತ್ತದೆ. ದಿನವಿಡೀ ಕುರ್ಚಿಯಲ್ಲಿ ಕುಳಿತು, ಉಲ್ಲಾಳ ಮುಖ್ಯರಸ್ತೆಯ ಹಂಪುಗಳ ಮೇಲೆ ಸ್ಕೂಟರ್ ಕುಣಿಸಿಕೊಂಡು ಬಂದು, ನೇರವಾಗಿ ಬಾರ್ ಹಿಡಿಯುವವನು ಜಾತ್ರೆಯ ಪೈಲ್ವಾನನ ಉದಾಹರಣೆ ಕೊಡಬಾರದು. ಅದು ಪೈಲ್ವಾನನಿಗೆ ಮಾಡುವ ಅವಮಾನ.

ಬೆಳಗ್ಗೆ ಐದೂವರೆಯ ಬ್ಯಾಚಿನ ಬಗ್ಗೆಯೂ ಒಂದು ಮಾತು. ರಾತ್ರಿ ಮಲಗಿದಾಗ ಡಿಸ್ಕ್‌ಗಳು ನೀರು ಹೀರಿ ಉಬ್ಬಿಕೊಳ್ಳುತ್ತವೆ, ಬೆಳಗ್ಗೆ ಎದ್ದಾಗ ಮನುಷ್ಯ ಒಂದು ಸೆಂಟಿಮೀಟರಿನಷ್ಟು ಎತ್ತರವಾಗಿರುವುದು ಇದರಿಂದಲೇ. ಆ ಹೊತ್ತಿನಲ್ಲಿ ಬಗ್ಗಿದರೆ ಅವುಗಳ ಮೇಲಿನ ಒತ್ತಡ ಹೆಚ್ಚು. ಎದ್ದ ಮೊದಲ ಗಂಟೆಗಳಲ್ಲಿ ಬಗ್ಗುವುದನ್ನು ಕಡಿಮೆ ಮಾಡಿದವರ ಹಳೆಯ ಬೆನ್ನುನೋವು ಇಳಿಯಿತು ಎಂದು 1998ರ ಒಂದು ಅಧ್ಯಯನ ತೋರಿಸಿದೆ. ಹಾಗಾಗಿ ಹಾಸಿಗೆಯಿಂದ ಎದ್ದು, ಕಾಫಿ ಕೂಡ ಕುಡಿಯದೆ, ಇಪ್ಪತ್ತು ನಿಮಿಷದೊಳಗೆ ಡೆಡ್‌ಲಿಫ್ಟ್ ಮಾಡಿಸುವ ತಮ್ಮ ‘ಬೀಸ್ಟ್ ಬ್ಯಾಚ್’ ಬಿಟ್ಟು ನಾನೀಗ ಸಂಜೆ ಬರುತ್ತಿದ್ದೇನೆ. ಮುನಿಸಿಕೊಳ್ಳಬೇಡಿ.

ಬಾರ್‌ನ ಎತ್ತರವೂ ಹಾಗೆಯೇ. ಸ್ಪರ್ಧೆಯ ದೊಡ್ಡ ರಬ್ಬರ್ ಪ್ಲೇಟುಗಳ ವ್ಯಾಸ 45 ಸೆಂ.ಮೀ., ಆದ್ದರಿಂದ ಬಾರ್ ನೆಲದಿಂದ 22.5 ಸೆಂ.ಮೀ. ಮೇಲಿರುತ್ತದೆ. ನಮ್ಮಲ್ಲಿ ಕಡಿಮೆ ಭಾರದ ಕಬ್ಬಿಣದ ಪ್ಲೇಟುಗಳು ಗಾತ್ರದಲ್ಲೂ ಚಿಕ್ಕವು. ಫಲಿತಾಂಶ ಏನೆಂದರೆ, ನೂರು ಕೆ.ಜಿ. ಎತ್ತುವ ಗಟ್ಟಿಗನಿಗಿಂತ ಮೂವತ್ತು ಕೆ.ಜಿ. ಎತ್ತುವ ಸೊಂಟ ನೊಂದವನು ಹೆಚ್ಚು ಬಗ್ಗಬೇಕು. ನ್ಯಾಯ ತಿರುವುಮುರುವು. ಇದಕ್ಕೆ ಪರಿಹಾರ ಕಠಿಣವೇನಲ್ಲ. ಎರಡು ದೊಡ್ಡ ಪ್ಲೇಟುಗಳನ್ನು ನೆಲಕ್ಕೆ ಅಂಗಾತ ಹಾಕಿ ಬಾರ್‌ನ ಎರಡೂ ಕಡೆಯ ಪ್ಲೇಟುಗಳನ್ನು ಅವುಗಳ ಮೇಲೆ ನಿಲ್ಲಿಸುವುದು, ಬೇಕಾದರೆ ಮೊಣಕಾಲಿನ ಕೆಳಗಿನ ಎತ್ತರದವರೆಗೂ ಏರಿಸಿಕೊಂಡು ಶುರುಮಾಡುವುದು, ವಾರಗಳ ಮೇಲೆ ಒಂದೊಂದಾಗಿ ಪ್ಲೇಟು ತೆಗೆದು ನೆಲಕ್ಕೆ ಇಳಿಯುವುದು. ನಾನು ಹೀಗೆ ಜೋಡಿಸಿಟ್ಟದ್ದನ್ನು ತಾವು ‘ಚೀಟಿಂಗ್’ ಎಂದಿರಿ. ಯಾರಿಗೆ ಮೋಸವಾಯಿತೆಂದು ಮಾತ್ರ ಹೇಳಲಿಲ್ಲ.

ಬೆಲ್ಟಿನ ವಿಷಯದಲ್ಲಿ ತಮ್ಮ ಕಳಕಳಿ ಅರ್ಥವಾಗುತ್ತದೆ. ತಾವು ತಮ್ಮದನ್ನೇ ಬಿಚ್ಚಿ ನನ್ನ ಸೊಂಟಕ್ಕೆ ಬಿಗಿದಿರಿ, ಕರ್ಣನ ಕವಚ ನೆನಪಾಯಿತು. ಭಾರ ಎತ್ತುವವರ ಬೆಲ್ಟ್ ಬೆನ್ನನ್ನು ಹಿಡಿದು ನಿಲ್ಲಿಸುವುದಿಲ್ಲ. ಉಸಿರು ತುಂಬಿ ಹೊಟ್ಟೆಯನ್ನು ಹೊರಕ್ಕೆ ಒತ್ತಿದಾಗ ಎದುರೊತ್ತು ಕೊಡುತ್ತದೆ, ಅಷ್ಟೇ. ಒತ್ತುವುದನ್ನು ಕಲಿಯದವನಿಗೆ ಅದು ಬರೀ ಚರ್ಮದ ಪಟ್ಟಿ. ಇನ್ನು ದಿನವಿಡೀ ಕಟ್ಟಿಕೊಳ್ಳುವ ಸೊಂಟಪಟ್ಟಿಯನ್ನು, ಹಳೆಯ ಬೆನ್ನುನೋವಿಗೆ ವಾಡಿಕೆಯಂತೆ ಕೊಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನ ಮಾರ್ಗಸೂಚಿಯಲ್ಲಿ ಹೇಳಿದೆ. ನೋವಿನ ಮಾತ್ರೆ ನುಂಗಿ ಬಂದು ಎತ್ತುವ ಉಪಾಯವನ್ನೂ ತಾವೇ ಹೇಳಿಕೊಟ್ಟಿದ್ದಿರಿ. ಮನೆಗೆ ಬೆಂಕಿ ಬಿದ್ದಾಗ ಕೂಗುವ ಕಾವಲುಗಾರನ ಬಾಯಿಗೆ ಬಟ್ಟೆ ತುರುಕುವವರು ಇದ್ದಾರೆಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ.

ಆ ಕಾವಲುಗಾರ ಕೂಗಿದಾಗಲೆಲ್ಲ ಓಡಿಹೋಗಬೇಕೆಂದೂ ಇಲ್ಲ. ಫಿಸಿಯೋ ಹೇಳಿದ ಅಳತೆ ಸರಳ. ಹತ್ತಕ್ಕೆ ಎರಡು ಮೂರರಷ್ಟು ನೋವು, ಎತ್ತುವಾಗ ಏರದೆ ಇದ್ದರೆ, ನಡೆಯುತ್ತದೆ. ನೋವು ಕಾಲಿಗೆ ಇಳಿಯತೊಡಗಿದರೆ ನಿಲ್ಲಿಸಬೇಕು. ನಿಜವಾದ ತೀರ್ಪು ಬರುವುದು ಮರುದಿನ ಬೆಳಗ್ಗೆ, ಮುಖ ತೊಳೆಯಲು ಸಿಂಕಿನ ಮುಂದೆ ಬಗ್ಗಿದಾಗ. ನಿನ್ನೆ ಎಷ್ಟಿತ್ತೋ ಅಷ್ಟೇ ಇದ್ದರೆ ಭಾರ ಸರಿಯಾಗಿತ್ತು. ಹೆಚ್ಚಿದ್ದರೆ ಒಂದು ಮೆಟ್ಟಿಲು ಇಳಿಯಬೇಕು, ಜಿಮ್ ಬಿಡಬೇಕಾಗಿಲ್ಲ. ಪ್ರತಿ ಸೆಟ್ಟಿನಲ್ಲೂ ಇನ್ನು ಮೂರು ನಾಲ್ಕು ಸಲ ಎತ್ತಬಹುದು ಎನ್ನುವಾಗಲೇ ಬಾರ್ ಕೆಳಗಿಡಬೇಕು. ತಮ್ಮ ಇಡೀ ಜೀವನದರ್ಶನಕ್ಕೆ ವಿರುದ್ಧವಾದ ಈ ಒಂದು ನಿಯಮವನ್ನು ಬರೆಯುವಾಗ ನನಗೆ ಸಂಕೋಚವಾಗುತ್ತಿದೆ.

ಆದ್ದರಿಂದ ತಮ್ಮಲ್ಲಿ ಒಂದು ವಿನಂತಿ. ಮಾಲೀಕರ ಬಳಿ ತಮ್ಮ ಮಾತು ನಡೆಯುತ್ತದೆ. ನಮ್ಮ ಜಿಮ್ಮಿಗೆ 1.25 ಕೆ.ಜಿ.ಯ ಪ್ಲೇಟುಗಳ ಎರಡು ಜೋಡಿ ತರಿಸಿಕೊಡಿ. ಮೊದಲು ಒಂದು ಜೋಡಿ ಇತ್ತು. ಅದರಲ್ಲಿ ಒಂದನ್ನು ಕಳೆದ ಆಯುಧಪೂಜೆಯ ದಿನ ಕುಂಕುಮ ಹಚ್ಚಿ ಆಂಜನೇಯನ ಪಟದ ಕೆಳಗೆ ಇಟ್ಟಿದ್ದು ಇನ್ನೂ ಅಲ್ಲೇ ಇದೆ. ಇನ್ನೊಂದು ಬಾತ್‌ರೂಮಿನ ಬಾಗಿಲು ಬಡಿದುಕೊಳ್ಳದಂತೆ ಒತ್ತು ಕೊಟ್ಟು ನಿಂತಿದೆ. ದೇವರ ಮುಂದಿನದನ್ನು ತೆಗೆಯಲು ನನಗೆ ಮನಸ್ಸಿಲ್ಲ, ಬಾಗಿಲಿನದನ್ನು ತೆಗೆದರೆ ಮಿಕ್ಕವರು ಬಿಡುವುದಿಲ್ಲ. ಹೊಸದು ಬಂದರೆ ನಲವತ್ತರಿಂದ ನಲವತ್ತೆರಡೂವರೆಗೆ ಹೋಗಬಹುದು. ನನ್ನಂಥವರು ಸಂಜೆಯ ಬ್ಯಾಚಿನಲ್ಲೇ ಹಲವರಿದ್ದಾರೆ, ನಾಚಿಕೆಗೆ ಹೇಳಿಕೊಳ್ಳುವುದಿಲ್ಲ. ಪ್ಲೇಟು ಬಂದ ದಿನ ತಾವೇ ಬಂದು ‘ಅಣ್ಣಾ, ಇನ್ನೊಂದು ಹಾಕ್ಲಾ?’ ಎಂದು ಕೇಳಿ. ಹಾಕಿ ಎನ್ನುತ್ತೇನೆ. ವಾರಕ್ಕೆ ಒಂದೇ ಸಲ.

ಇಂತಿ ತಮ್ಮ ವಿಶ್ವಾಸಿ,
ಸಂಜೆ ಬ್ಯಾಚಿನ ಖಾಲಿ ಬಾರ್‌ನವನು,
ಉಲ್ಲಾಳ, ಬೆಂಗಳೂರು